ಕಾಡಿಗೆ ಬೆನ್ನು ಮಾಡಿದ ವರ್ಣನೆ

ಕಳೆದ ದಸರೆಯ ರಜೆ ಮುಗಿದ ಮೇಲೆ ಬೆಂಗಳೂರಿನ ಪ್ರೌಢಶಾಲೆಯೊಂದರ ಮಕ್ಕಳು ಆಗುಂಬೆಗೆ ಪ್ರವಾಸ ಹೋದರು. ಆ ಶಾಲೆಯ ಕನ್ನಡ ಉಪಾಧ್ಯಾಯರು ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದವರು. “ಸಾರ್, ನೀವೂ ಬಂದರೆ ಮಕ್ಕಳಿಗೆ ನಾಲ್ಕು ಮಾತು ಹೇಳಬಹುದು” ಎಂದು ಅವರು ಕರೆದದ್ದರಿಂದ ನಾನೂ ಜೊತೆಯಲ್ಲಿ ಹೋದೆ. ಹಿಂದಿರುಗಿದ ಮೇಲೆ ಮಕ್ಕಳೆಲ್ಲರೂ ‘ನಾನು ಕಂಡ ಮಳೆಕಾಡು’ ಎಂಬ ವಿಷಯವಾಗಿ ಪ್ರಬಂಧ ಬರೆದರು. ಅವುಗಳನ್ನು ಓದಿ ಬಹುಮಾನಕ್ಕೆ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಟ್ಟು 42 ಪ್ರಬಂಧಗಳು. ಆ ಓದಿನಿಂದ ನನಗೆ ತಿಳಿದುಬಂದದ್ದು ಮಕ್ಕಳ ಬರವಣಿಗೆಯ ವಿಚಾರಕ್ಕಿಂತ ನಮ್ಮ ಸಾಹಿತ್ಯದ ವಿಚಾರ. ಅದಕ್ಕಿಂತಲೂ ಹೆಚ್ಚಾಗಿ ನನ್ನ ವಿಚಾರ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

42ರಲ್ಲಿ 31 ಪ್ರಬಂಧಗಳ ಮುಖ್ಯ ಭಾಗವೆಲ್ಲ ಸೂರ್ಯಾಸ್ತಮಾನದ ವರ್ಣನೆ. ಆಗುಂಬೆಯ ಸೂರ್ಯಾಸ್ತ ಪ್ರಸಿದ್ಧವಾದದ್ದೇ, ನಿಜ. ಘಾಟಿಯ ರಸ್ತೆಯ ತಿರುವಿನಲ್ಲಿ ಕಟ್ಟೆ ಕಟ್ಟಿದ್ದಾರೆ. ಅಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಆಕಾಶ ತಿಳಿಯಾಗಿರುವ ದಿನ ಸೂರ್ಯನು ದೂರದ ಸಮುದ್ರದಲ್ಲಿ ಇಳಿಯುವುದು ಕಾಣುತ್ತದೆ. ಆದರೆ ಹಾಗೆ ನೋಡುವವನು ಕಾಡನ್ನು ಕಾಲ ಕೆಳಗೂ ಬೆನ್ನ ಹಿಂದೂ ಬಿಟ್ಟು ನೋಡುತ್ತಾನೆ. ವರ್ಷಕ್ಕೆ ಸುಮಾರು 7000 ಮಿಲಿಮೀಟರು ಮಳೆ ಬೀಳುವ ಸೀಮೆ ಅದು. ನಮ್ಮ ಬೆಂಗಳೂರಿನಲ್ಲಿ ಏಳು ವರ್ಷ ಬೀಳುವ ಮಳೆ ಅಲ್ಲಿ ಒಂದೇ ವರ್ಷಕ್ಕೆ ಬಿದ್ದುಹೋಗುತ್ತದೆ. ಆ ಮಳೆ ಬೆಳೆಸಿದ ಕಾಡಿನೊಳಗೆ ನಾವು ಮೂರು ಗಂಟೆ ನಡೆದಿದ್ದೆವು. ಕಟ್ಟೆಯ ಮೇಲೆ ನಿಂತದ್ದು ಇಪ್ಪತ್ತು ನಿಮಿಷ. ಪ್ರಬಂಧಗಳಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗಿತ್ತು.

ಇನ್ನು ಕಾಡಿನ ಮಾತು ಬಂದ ಕಡೆ ಏನಿತ್ತು? ಭೂದೇವಿ ಹಸುರು ಸೀರೆ ಉಟ್ಟಿದ್ದಳು. ಮರಗಳು ಕೈಬೀಸಿ ಕರೆಯುತ್ತಿದ್ದವು. ತಂಗಾಳಿ ಸುಯ್ಯೆಂದು ಬೀಸುತ್ತಿತ್ತು. ಕೋಗಿಲೆಗಳು ಇಂಪಾಗಿ ಹಾಡುತ್ತಿದ್ದವು. ನಾನು ಕಿವಿಯಾರೆ ಕೇಳಿ ಹೇಳುತ್ತಿದ್ದೇನೆ: ಆ ದಿನ ಅಲ್ಲಿ ಒಂದು ಕೋಗಿಲೆಯೂ ಕೂಗಲಿಲ್ಲ, ಅದು ಕೂಗುವ ಕಾಲವೂ ಅದಲ್ಲ. ಕೂಗಿದ್ದು ಜೀರುಂಡೆ. ಗರಗಸದಿಂದ ಕಬ್ಬಿಣ ಕೊಯ್ದಂತೆ ಕಿವಿ ತುಂಬ ಕೊರೆದ ಆ ಜೀರುಂಡೆ ಎರಡು ಮೂರು ಪ್ರಬಂಧಗಳಲ್ಲಿ ಮಾತ್ರ ಕಾಣಿಸಿಕೊಂಡಿತು. ಗಾಳಿಯೂ ಬೀಸಲಿಲ್ಲ. ದಟ್ಟವಾದ ಕಾಡಿನ ನೆಲದಲ್ಲಿ ಗಾಳಿ ಆಡುವುದು ಅಪರೂಪ. ಮೈಯೆಲ್ಲ ಬೆವರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಾಗಾದರೆ ಈ ಕೋಗಿಲೆಯೂ ತಂಗಾಳಿಯೂ ಎಲ್ಲಿಂದ ಬಂದವು?

ಬಂದದ್ದು ಬಹು ದೂರದಿಂದ. ಮಹಾಕಾವ್ಯದಲ್ಲಿ ಇಂತಿಂಥ ವರ್ಣನೆಗಳಿರಬೇಕೆಂದು ದಂಡಿ ‘ಕಾವ್ಯಾದರ್ಶ’ದಲ್ಲಿ ಪಟ್ಟಿ ಕೊಟ್ಟಿದ್ದಾನೆ. ಅಷ್ಟಾದಶ ವರ್ಣನೆಗಳೆಂದು ನಾವು ತರಗತಿಯಲ್ಲಿ ಬಾಯಿಪಾಠ ಹೇಳಿಸುವುದು ಅದನ್ನೇ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ ಇವೆಲ್ಲ ಆ ಪಟ್ಟಿಯಲ್ಲಿವೆ. ಉದ್ಯಾನವೂ ಇದೆ, ಕಾಡು ಇಲ್ಲ! ಮುಂದೆ ಬಂದ ಆಲಂಕಾರಿಕರು ವನವನ್ನೂ ಸೇರಿಸಿಕೊಂಡರು. ಆದರೆ ವರ್ಣನೆಯ ಕಣ್ಣು ಉದ್ಯಾನದ್ದೇ ಆಗಿ ಉಳಿಯಿತು. ಮಾವು ಚಿಗುರುವುದು, ಮಲ್ಲಿಗೆ ಬಿರಿಯುವುದು, ದುಂಬಿ ಮೊರೆಯುವುದು, ಕೋಗಿಲೆ ಕೂಗುವುದು, ತೆಂಕಣ ಗಾಳಿ ತೀಡುವುದು: ಇದು ವಸಂತದ ತೋಟ. ಪಂಪನು 941ರ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯನ್ನು ನೆನೆದಾಗ ನೆನೆದದ್ದೂ ಈ ವಸಂತವನ್ನೇ. ಬನವಾಸಿ ಮಲೆನಾಡಿನ ಅಂಚಿನ ಊರಾದರೂ ಅಲ್ಲಿಯ ಮಳೆಗಾಲ ಆ ಪದ್ಯಗಳಲ್ಲಿ ಕಾಣುವುದಿಲ್ಲ. ಹೀಗೆನ್ನುವುದರಿಂದ ಪಂಪನಲ್ಲಿ ನಾನು ದೋಷ ಹುಡುಕುತ್ತಿದ್ದೇನೆಂದು ಯಾರೂ ಭಾವಿಸಬಾರದು. ಆತನದು ಊರಿನಿಂದ ದೂರವಾದವನ ಹಂಬಲ. ಆ ಹಂಬಲವೇ ಅಲ್ಲಿಯ ಪ್ರತಿ ಹೂವಿಗೂ ಜೀವ ಕೊಟ್ಟಿದೆ. ಆದರೆ ಹಂಬಲ ಹೋಗಿ ಹೂವು ಮಾತ್ರ ಉಳಿದಾಗ ವರ್ಣನೆ ಕಾಗದದ ಹೂವಾಗುತ್ತದೆ. ನಮ್ಮ ಮಕ್ಕಳು ಪಂಪನನ್ನು ಓದಿಲ್ಲ. ಪಠ್ಯದ ಪಾಠ, ಪಾಠದ ಟಿಪ್ಪಣಿ, ಟಿಪ್ಪಣಿಯನ್ನು ನೋಡಿ ಬರೆದ ಮಾದರಿ ಪ್ರಬಂಧ, ಹೀಗೆ ಕೈಯಿಂದ ಕೈಗೆ ಸವೆದು ಬಂದ ನಾಣ್ಯ ಅವರ ಜೇಬಿಗೆ ಬಿದ್ದಿದೆ. ಅವರು ಅದನ್ನೇ ಖರ್ಚು ಮಾಡಿದ್ದಾರೆ.

ಕನ್ನಡಕ್ಕೆ ಕಾಡು ನಿಜವಾಗಿ ಬಂದದ್ದು ಹೊಸಗನ್ನಡದ ಗದ್ಯದಲ್ಲಿ ಎಂದು ನನ್ನ ಅಭಿಪ್ರಾಯ. ಮೂವರ ಹೆಸರು ಹೇಳಿದರೆ ಸಾಕು.

ಕಾರಂತರ ‘ಬೆಟ್ಟದ ಜೀವ’ 1943ರಲ್ಲಿ ಬಂತು. ಅದರ ನಿರೂಪಕ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಕತ್ತಲಾಗುವ ಹೊತ್ತಿಗೆ ದಾರಿ ತಪ್ಪಿದವನು. ದೇರಣ್ಣ, ಬಟ್ಯ ಎಂಬಿಬ್ಬರು ಸಿಕ್ಕಿ ಅವನನ್ನು ಗೋಪಾಲಯ್ಯನವರ ಮನೆಗೆ ಸೇರಿಸುತ್ತಾರೆ. ದಾರಿ ತಪ್ಪಿದವನಿಗೆ ಕಾಡು ಹಸುರು ಸೀರೆಯಲ್ಲ. ಕಾಲಿಗೆ ಎಡವುವ ಬೇರು, ಕಣ್ಣಿಗೆ ಕವಿಯುವ ಕತ್ತಲು. ಗೋಪಾಲಯ್ಯನವರಿಗಂತೂ ಕಾಡು ಎದುರಾಳಿ. ಅದನ್ನು ಕಡಿದು ತೋಟ ಮಾಡುವುದೇ ಅವರ ಹಟ. ಇಂದಿನ ಓದುಗನಿಗೆ ಆ ಹಟ ಒಪ್ಪಿಗೆಯಾಗದೆ ಇರಬಹುದು. ಆದರೆ ಜೀವಮಾನವೆಲ್ಲ ಸೆಣಸಿದ ಎದುರಾಳಿಯನ್ನು ಬಲ್ಲಷ್ಟು ಚೆನ್ನಾಗಿ ಮೆಚ್ಚಿಕೊಂಡು ಮಾತ್ರ ನಿಂತವನು ಬಲ್ಲನೆ? ಅಲ್ಲಿ ಕಾಡಿನ ವರ್ಣನೆಯೆಂದು ಬೇರೆ ತೆಗೆದಿಡಲು ಬರುವ ಭಾಗ ಬಹಳ ಕಡಮೆ. ಆದರೆ ಕಾಡಿಲ್ಲದ ಪುಟವೂ ಇಲ್ಲ.

ಕುವೆಂಪು ಅವರದು ಇನ್ನೊಂದು ದಾರಿ. ‘ಮಲೆನಾಡಿನ ಚಿತ್ರಗಳು’ (1933) ಮೊದಲಾಗಿ ‘ಮಲೆಗಳಲ್ಲಿ ಮದುಮಗಳು’ (1967) ವರೆಗೆ ಅವರ ಗದ್ಯದಲ್ಲಿ ಕಾಡಿನ ಒಂದೊಂದು ಬಗೆಗೂ ಒಂದೊಂದು ಹೆಸರಿದೆ. ನಮ್ಮ ಪಠ್ಯಪುಸ್ತಕಗಳು ‘ನಿತ್ಯಹರಿದ್ವರ್ಣ ಅರಣ್ಯ’ ಎನ್ನುತ್ತವೆ. ಮಲೆನಾಡಿನ ರೈತ ಅದನ್ನು ಎರಡಕ್ಷರದಲ್ಲಿ ‘ಕಾನು’ ಎನ್ನುತ್ತಾನೆ. ಕುರುಚಲು ಬೆಳೆದದ್ದು ಹಕ್ಕಲು. ಹುಲ್ಲಿಗೆ ಬಿಟ್ಟದ್ದು ಬ್ಯಾಣ. ತೋಟಕ್ಕೆ ಸೊಪ್ಪು ಕೊಡುವುದು ಸೊಪ್ಪಿನಬೆಟ್ಟ. ಈ ಮಾತುಗಳು ಅಲಂಕಾರಗಳಲ್ಲ, ತಿಳಿವಳಿಕೆಗಳು. ‘ಮದುಮಗಳು’ ಕಾದಂಬರಿಯಲ್ಲಿ ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ಕಾಡುದಾರಿಯಲ್ಲಿ ನಡೆಯುವಾಗ ನಾಯಕ ಯಾರು, ಹಿನ್ನೆಲೆ ಯಾವುದು ಎಂದು ಬೇರೆ ಮಾಡಲಾಗುವುದಿಲ್ಲ. ಮಳೆಕಾಡಿನ ರೀತಿಯೂ ಅದೇ. ಹೆಮ್ಮರದ ಮೈಮೇಲೆ ಬಳ್ಳಿ, ಬಳ್ಳಿಯ ಮೇಲೆ ಹಾವಸೆ, ಅದರ ನಡುವೆ ಹುಳು. ಇದು ದೊಡ್ಡದು, ಇದನ್ನು ನೋಡಿ ಎಂದು ಬೊಟ್ಟು ಮಾಡುವಂಥದು ಅಲ್ಲಿ ಇಲ್ಲ. ಸೂರ್ಯಾಸ್ತಮಾನವನ್ನು ಬಣ್ಣಿಸುವುದು ಸುಲಭ, ಏಕೆಂದರೆ ಸೂರ್ಯನೊಬ್ಬನೇ; ಕಾಡನ್ನು ಬಣ್ಣಿಸುವುದು ಕಷ್ಟ, ಏಕೆಂದರೆ ಅಲ್ಲಿ ಎಲ್ಲರೂ ಇದ್ದಾರೆ.

ಹೆಸರು ಗೊತ್ತಿದ್ದರೆ ಸಾಹಿತ್ಯವಾಯಿತೆ ಎಂದು ಕೇಳಬಹುದು. ಇದಕ್ಕೆ ಉತ್ತರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿದೆ. ಹೆಸರುಗಳು ಎಷ್ಟಾದರೂ ಗೊತ್ತಿರುವ ವಿಜ್ಞಾನಿ ಕರ್ವಾಲೊ, ಜೇನು ಹಿಡಿದು ಅಲೆಯುವ ಹಳ್ಳಿಯ ಮಂದಣ್ಣನ ಹಿಂದೆ ಹೋಗುತ್ತಾರೆ. ಕಾರಣ, ಹಾರುವ ಓತಿಯನ್ನು ಕಂಡವನು ಮಂದಣ್ಣ. ಊರಿನವರು ದಡ್ಡನೆಂದು ತಿಳಿದವನನ್ನು ಬಲ್ಲವನೆಂದು ಗುರುತಿಸುವುದೇ ಕರ್ವಾಲೊ ಅವರ ದೊಡ್ಡತನ. ಕೊನೆಗೆ ಕೈಗೆ ಸಿಕ್ಕಿತೆನ್ನುವಾಗ ಓತಿ ಕಣಿವೆಯ ಮೇಲೆ ತೇಲಿ ಮರೆಯಾಗುತ್ತದೆ. ಹೆಸರು ನೋಟದ ಆರಂಭ, ಮುಕ್ತಾಯವಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು.

ಇಷ್ಟೆಲ್ಲ ಪಾಂಡಿತ್ಯವನ್ನು ಇಟ್ಟುಕೊಂಡು ನಾನು ಮಾಡಿದ್ದೇನು? ಮೊದಲನೆಯ ಬಹುಮಾನವನ್ನು ಹಸುರು ಸೀರೆಯ ಪ್ರಬಂಧಕ್ಕೇ ಕೊಟ್ಟೆ. ಅದರಲ್ಲಿ ಕಾಗುಣಿತದ ತಪ್ಪಿರಲಿಲ್ಲ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಲ್ಲ ಕ್ರಮವಾಗಿದ್ದವು.

ಆ ಕಟ್ಟಿನಲ್ಲಿ ಇನ್ನೊಂದು ಪ್ರಬಂಧವಿತ್ತು, ಒಬ್ಬ ಹುಡುಗಿಯದು. ಎರಡೇ ಪುಟ. ಪೀಠಿಕೆಯಿಲ್ಲ. ನಮಗೆ ದಾರಿ ತೋರಿಸಲು ಬಂದಿದ್ದ ಊರಿನವರನ್ನು ಅವಳು ಉದ್ದಕ್ಕೂ ಏನೇನೋ ಕೇಳುತ್ತ, ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತ ಬಂದದ್ದು ನನಗೆ ನೆನಪಿತ್ತು. ಅವಳು ಬರೆದದ್ದು ಇಷ್ಟು: ಮಳೆ ನಿಂತು ಅರ್ಧ ಗಂಟೆಯಾದರೂ ನಮ್ಮ ಮೇಲೆ ಮಳೆ ಸುರಿಯುತ್ತಿತ್ತು, ಅದು ಮರದ ಮಳೆ, ಬಹಳ ಎಲೆಗಳ ತುದಿ ಇಲಿಯ ಬಾಲದ ಹಾಗೆ ಚೂಪಾಗಿತ್ತು, ನೀರು ಆ ಬಾಲದಿಂದ ಇಳಿಯುತ್ತಿತ್ತು, ಧೂಪದ ಮರದ ಬುಡಕ್ಕೆ ಒರಗಿ ಮೇಲೆ ನೋಡಿದರೆ ತುದಿ ಕಾಣಲಿಲ್ಲ, ಕಾಲಿಗೆ ಐದು ಇಂಬಳ ಹತ್ತಿದ್ದವು, ಹತ್ತಿದ್ದು ಗೊತ್ತೇ ಆಗಲಿಲ್ಲ, ಬಿಡಿಸಿದ ಮೇಲೂ ರಕ್ತ ನಿಲ್ಲಲಿಲ್ಲ, ನನಗೆ ಮೊದಲು ಅಳು ಬಂತು, ಆಮೇಲೆ ಎಣಿಸಿದೆ.

‘ಇಂಬಳ’ವನ್ನು ಹೊಡೆದು ಹಾಕಿ, ಮೇಲೆ ಕೆಂಪು ಮಸಿಯಲ್ಲಿ ‘ಜಿಗಣೆ’ ಎಂದು ಬರೆದೆ. ‘ಮರದ ಮಳೆ’ಯ ಕೆಳಗೆ ಗೆರೆ ಎಳೆದು ‘ಅರ್ಥವಾಗುವುದಿಲ್ಲ’ ಎಂದೆ. ಇಲಿಯ ಬಾಲದ ಪಕ್ಕದಲ್ಲಿ ‘ಉಪಮೆ ಉಚಿತವಲ್ಲ’ ಎಂದು ಟಿಪ್ಪಣಿ. ಹತ್ತಕ್ಕೆ ಐದು ಅಂಕ.

ಕೆಲವು ದಿನಗಳ ಮೇಲೆ ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರು ನನ್ನ ಮೇಜಿನ ಮೇಲಿದ್ದ ಆ ಹಾಳೆಗಳನ್ನು ಎತ್ತಿ ಓದಿದರು. ಅವರು ಕೊಪ್ಪದ ಕಡೆಯವರು. “ಅಲ್ಲ ಮಾರಾಯ್ರೆ, ಇಂಬಳ ಬೇರೆ, ಜಿಗಣೆ ಬೇರೆ. ಜಿಗಣೆ ಇರೋದು ನೀರಲ್ಲಿ. ನೆಲದ ಮೇಲೆ, ತರಗೆಲೆಯಲ್ಲಿ ಇರೋದು ಇಂಬಳ. ಹುಡುಗಿ ಸರಿಯಾಗಿಯೇ ಬರೆದಿದ್ದಾಳೆ, ನೀವು ತಪ್ಪು ಮಾಡಿದ್ದೀರಿ” ಎಂದರು. ಎಲೆಯ ಚೂಪು ತುದಿ ಮಳೆಕಾಡಿನ ಎಷ್ಟೋ ಮರಗಳ ಲಕ್ಷಣ, ನೀರು ಬೇಗ ಜಾರಿ ಎಲೆ ಒಣಗುವುದಕ್ಕೆ ಅದು ಅನುಕೂಲ, ಇದನ್ನು ತಾವು ಪದವಿ ತರಗತಿಯಲ್ಲಿ ಪಾಠ ಮಾಡುವುದಾಗಿಯೂ ಹೇಳಿದರು. ಬಿಡಿಸಿದ ಮೇಲೂ ರಕ್ತ ನಿಲ್ಲದೆ ಹೋಗುವುದು ಅದು ಕಚ್ಚುವಾಗ ಬಿಡುವ ರಸದಿಂದಂತೆ. ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬ ಗಾದೆಯನ್ನಂತೂ ನಾನೇ ಎಷ್ಟು ಸಾರಿ ತರಗತಿಯಲ್ಲಿ ವಿವರಿಸಿದ್ದೇನೆಯೋ! ಗಾದೆಯ ಅರ್ಥ ಗೊತ್ತಿದ್ದವನಿಗೆ ಆ ಹನಿ ತಲೆಯ ಮೇಲೆ ಬಿದ್ದರೂ ಗುರುತು ಸಿಕ್ಕಲಿಲ್ಲ.

ವಿಮರ್ಶೆ ಎಂದರೆ ಔಚಿತ್ಯ ವಿವೇಚನೆ ಎನ್ನುತ್ತೇವೆ. ಇಲಿಯ ಬಾಲ ಉಚಿತವಲ್ಲ ಎಂದೆನಲ್ಲ, ಯಾವುದಕ್ಕೆ ಉಚಿತವಲ್ಲ? ಉದ್ಯಾನಕ್ಕೆ ಉಚಿತವಲ್ಲ. ಆ ಹುಡುಗಿ ಉದ್ಯಾನದಲ್ಲಿರಲಿಲ್ಲ, ಕಾನಿನಲ್ಲಿದ್ದಳು. ಕಂಡ ವಸ್ತುವಿಗೆ ಮಾತು ಒಪ್ಪುತ್ತದೆಯೇ ಎಂದು ನೋಡಬೇಕಾದವನು, ಕೇಳಿದ ಮಾತಿಗೆ ಮಾತು ಒಪ್ಪುತ್ತದೆಯೇ ಎಂದು ನೋಡಿದೆ. ಸಂಸ್ಕೃತದ ಮಾತು ಕೆಟ್ಟದ್ದು, ದೇಸಿಯ ಮಾತು ಒಳ್ಳೆಯದು ಎಂಬ ವಾದವೂ ನನ್ನದಲ್ಲ. ಕುವೆಂಪು ಅವರಷ್ಟು ಧಾರಾಳವಾಗಿ ಸಂಸ್ಕೃತವನ್ನು ಬಳಸಿದವರು ಹೊಸಗನ್ನಡದಲ್ಲಿ ಎಷ್ಟು ಮಂದಿ? ಅವರಲ್ಲಿ ನೋಟ ಮೊದಲು ಬಂದು ಮಾತನ್ನು ಕರೆಯುತ್ತದೆ. ನಮ್ಮ ಪ್ರಬಂಧಗಳಲ್ಲಿ ಮಾತು ಮೊದಲೇ ಬಂದು ಕುಳಿತು ನೋಟಕ್ಕೆ ಬಾಗಿಲು ಹಾಕುತ್ತದೆ. ವ್ಯತ್ಯಾಸ ಇಷ್ಟೆ.

ಇದು ಶಾಲೆಯ ಪ್ರಬಂಧದ ಸಣ್ಣ ಸಂಗತಿ ಎನಿಸಬಹುದು. ಆದರೆ ಪಶ್ಚಿಮ ಘಟ್ಟಗಳ ಹಲವು ಭಾಗಗಳನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನೆಗೆಂದೇ 2005ರಿಂದ ಒಂದು ಕೇಂದ್ರ ನಡೆಯುತ್ತಿದೆ. ಕಾಡನ್ನು ಉಳಿಸಬೇಕೆಂದು ಎಲ್ಲ ಮಕ್ಕಳೂ ಉಪಸಂಹಾರದಲ್ಲಿ ಬರೆದಿದ್ದರು. ಉಳಿಸಬೇಕಾದದ್ದು ಯಾವುದನ್ನು? ಹಸುರು ಸೀರೆಯನ್ನೇ ಆದರೆ ನೀಲಗಿರಿಯ ನೆಡುತೋಪೂ ಹಸುರೇ, ಅಕೇಶಿಯದ ನೆಡುತೋಪೂ ಹಸುರೇ. ಕಾನು ಹೋಗಿ ನೆಡುತೋಪು ಬಂದರೆ ‘ಹಸುರು’ ಎಂದಷ್ಟೇ ಬಲ್ಲವನಿಗೆ ಏನು ಹೋಯಿತೆಂದು ತಿಳಿಯುವುದು ಹೇಗೆ? ‘ಇಂಬಳ’ ಎಂದು ಬರೆದವಳಿಗೆ ತಿಳಿಯುತ್ತದೆ.

ಉಪಾಧ್ಯಾಯ ಮಿತ್ರರಿಗೆ ವಿಷಯವನ್ನೆಲ್ಲ ತಿಳಿಸಿ ಪತ್ರ ಬರೆದಿದ್ದೇನೆ. ಕೊಟ್ಟ ಬಹುಮಾನವನ್ನು ಹಿಂದಕ್ಕೆ ಪಡೆಯುವುದು ತರವಲ್ಲ. ಆ ಹುಡುಗನೂ ನಾವು ಹೇಳಿಕೊಟ್ಟದ್ದನ್ನೇ ಬರೆದವನು. ಆದರೆ ಆ ಎರಡು ಪುಟಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಕೆಂದೂ, ಕೆಂಪು ಮಸಿಯ ತಿದ್ದುಪಡಿಗಳು ತಪ್ಪೆಂದು ನನ್ನ ಹೆಸರು ಹೇಳಿಯೇ ತಿಳಿಸಬೇಕೆಂದೂ ಕೇಳಿಕೊಂಡಿದ್ದೇನೆ. ಮುಂದಿನ ಪ್ರವಾಸಕ್ಕೆ ಕರೆದರೆ ಹೋಗುತ್ತೇನೆ. ಈ ಸಾರಿ ಮಕ್ಕಳಿಗೆ ನಾಲ್ಕು ಮಾತು ಹೇಳುವುದಕ್ಕಲ್ಲ. ಪುಟ್ಟ ಪುಸ್ತಕವೊಂದನ್ನು ಜೇಬಿನಲ್ಲಿಟ್ಟುಕೊಂಡು, ದಾರಿ ತೋರಿಸುವವರ ಹಿಂದೆ ಆ ಹುಡುಗಿಯ ಪಕ್ಕದಲ್ಲಿ ನಡೆಯುವುದಕ್ಕೆ.