ಜಿಯೊಂಜುವಿನ ಮೊಳಕೆಸಾರು

ದಕ್ಷಿಣ ಕೊರಿಯದ ನೈಋತ್ಯ ಭಾಗದಲ್ಲಿ, ಆ ದೇಶದ ಅಕ್ಕಿಯ ಕಣಜವೆನಿಸಿದ ಹೊನಾಮ್ ಸೀಮೆಯಲ್ಲಿರುವ ಜಿಯೊಂಜು ನಗರಕ್ಕೆ ಹೋದ ಪ್ರವಾಸಿಕನು, ಜೋಸೊನ್ ರಾಜವಂಶದ ಮೂಲಪುರುಷನ ಭಾವಚಿತ್ರಕ್ಕಾಗಿ 1410ರಲ್ಲಿ ಸ್ಥಾಪಿತವಾದ ಗ್ಯೊಂಗಿಜೊನ್ ಮಂದಿರವನ್ನೂ ಕರಿಹಂಚಿನ ಮಾಡುಗಳ ಹಳೆಯ ಬಡಾವಣೆಯನ್ನೂ ನೋಡಿದ ಮೇಲೆ, ಬಿಬಿಂಬಾಪ್ ಎಂಬ ಪ್ರಖ್ಯಾತವಾದ ಕಲಸನ್ನವನ್ನು ಉಣ್ಣುವುದು ವಾಡಿಕೆ. 2012ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಊರನ್ನು ಪಾಕಕಲೆಯ ನಗರಗಳ ಸಾಲಿಗೆ ಸೇರಿಸಿದ ಅನಂತರವಂತೂ ಆ ವಾಡಿಕೆ ವಿಧಿಯೇ ಆಗಿಬಿಟ್ಟಿದೆ. ಕಂಚಿನ ಬಟ್ಟಲಿನಲ್ಲಿ ಬಣ್ಣಬಣ್ಣದ ತರಕಾರಿಗಳನ್ನೂ ಹಳದಿಯ ಹೆಸರುಹಿಟ್ಟಿನ ಹಲ್ವದಂತಹ ತುಂಡುಗಳನ್ನೂ ಜೋಡಿಸಿ ತರುವ ಆ ಭಕ್ಷ್ಯದ ಸೊಬಗು ನಿಜವಾದದ್ದೇ. ಆದರೆ ಅದು ಮೇಜಿಗೆ ಬಂದ ಕ್ಷಣದಲ್ಲಿಯೇ ಪರಾಕಾಷ್ಠೆಯನ್ನು ಮುಟ್ಟಿ, ಕಲಸಿದೊಡನೆ ಮುಗಿದುಹೋಗುತ್ತದೆ. ಈ ಊರಿನ ಪಾಕಪ್ರತಿಭೆಯನ್ನು ಅಳೆಯಬೇಕಾದರೆ ಇಲ್ಲಿನ ಜನ ಬೆಳಗಿನಲ್ಲಿ ತಾವೇ ಹೋಗಿ ಉಣ್ಣುವ ಕೊಂಗ್‌ನಮುಲ್ ಗುಕ್‌ಬಾಪ್ ಅನ್ನು, ಎಂದರೆ ಸೋಯಾ ಅವರೆಯ ಮೊಳಕೆಯ ಸಾರನ್ನವನ್ನು, ನಂಬುವುದು ಮೇಲು.

ಪುಂಗ್‌ನಮ್ ಮಹಾದ್ವಾರದ ಬಳಿಯ ನಂಬು ಮಾರುಕಟ್ಟೆಯ ಓಣಿಯೊಂದರಲ್ಲಿ ನಾನು ಉಂಡ ಅಂಗಡಿಯು ಊರಿನವರಿಗೆ ಅತ್ಯಂತ ಪ್ರಿಯವಾದದ್ದು. ಅಲ್ಲಿ ಅಡುಗೆಯ ಸ್ಥಳಕ್ಕೂ ಊಟದ ಸ್ಥಳಕ್ಕೂ ನಡುವೆ ಗೋಡೆಯಿಲ್ಲ. ಕೊಪ್ಪರಿಗೆಯ ಎದುರಿನ ಉದ್ದನೆಯ ಹಲಗೆಗೆ ಮೊಣಕೈ ಊರಿ ಕುಳಿತವನಿಗೆ ತನ್ನ ಬಟ್ಟಲು ಸಿದ್ಧವಾಗುವ ಕ್ರಮವೆಲ್ಲ ಕಾಣುತ್ತದೆ. ಅಡುಗೆಯಾಕೆ ಆರಿದ ಅನ್ನವನ್ನು ಮಣ್ಣಿನ ಬಟ್ಟಲಿಗೆ ಹಾಕಿ, ಕುದಿಯುವ ಸಾರನ್ನು ಒಂದು ಸೌಟು ಹೊಯ್ದು, ಬಟ್ಟಲನ್ನು ಕೊಪ್ಪರಿಗೆಯ ಅಂಚಿಗೆ ಓರೆಮಾಡಿ, ಸೌಟಿನ ಬೆನ್ನಿನಿಂದ ಅನ್ನವನ್ನು ತಡೆಹಿಡಿದು, ಆ ಸಾರನ್ನೆಲ್ಲ ಮತ್ತೆ ಕೊಪ್ಪರಿಗೆಗೇ ಬಸಿಯುತ್ತಾಳೆ. ಪುನಃ ಹೊಯ್ಯುತ್ತಾಳೆ, ಪುನಃ ಬಸಿಯುತ್ತಾಳೆ. ಬಟ್ಟಲಿನ ಹೊರಮೈ ಅಂಗೈಗೆ ಹಿತವಾಗಿ ಬೆಚ್ಚಗಾದಾಗ ಮೊಳಕೆಗಳನ್ನಿರಿಸಿ ಕೊನೆಯ ಸಾರನ್ನು ತುಂಬಿ, ಆಗತಾನೆ ಹಲಗೆಯ ಮೇಲೆ ಜಜ್ಜಿದ ಬೆಳ್ಳುಳ್ಳಿಯನ್ನೂ ಹೆಚ್ಚಿದ ಹಸಿಮೆಣಸಿನಕಾಯಿಯನ್ನೂ ಉದುರಿಸಿ ಮುಂದಿಡುತ್ತಾಳೆ.

ತೊರ್ಯೊಮ್ ಎಂದು ಹೆಸರಿರುವ ಈ ಕ್ರಮವು ಹುಟ್ಟಿದ್ದು ಅನುಕೂಲಕ್ಕಾಗಿ. ಅನ್ನವನ್ನು ದಿನವೆಲ್ಲ ಬಿಸಿಯಾಗಿಡುವ ವಿದ್ಯುದ್ಯಂತಗಳಿಲ್ಲದ ಕಾಲದಲ್ಲಿ ಆರಿದನ್ನವನ್ನು ಉಣ್ಣುವಂತೆ ಮಾಡಲು ಇದು ಸುಲಭವಾದ ಮಾರ್ಗವಾಗಿತ್ತು. ಆ ಅಗತ್ಯವು ತೀರಿಹೋದ ಮೇಲೆಯೂ ಒಳ್ಳೆಯ ಅಂಗಡಿಗಳು ಇದನ್ನು ಬಿಡದಿರುವುದಕ್ಕೆ ಸಂಪ್ರದಾಯದ ಮೋಹವೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಬಿಸಿಯನ್ನವನ್ನು ಸಾರಿಗೆ ಹಾಕಿದರೆ ಗಂಜಿಯ ಅಂಶ ಬಿಟ್ಟು ಸಾರು ಕದಡುತ್ತದೆ; ಆರಿದ ಅನ್ನದ ಅಗುಳು ಬಿಗಿಯಾಗಿದ್ದು, ಸಾರನ್ನು ಒಳಕ್ಕೆ ಹೀರಿಕೊಂಡೂ ತನ್ನ ಆಕಾರವನ್ನು ಕಳೆದುಕೊಳ್ಳದೆ, ಸಾರನ್ನು ತಿಳಿಯಾಗಿಯೇ ಉಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಟ್ಟಲು ಕೈಸೇರಿದಾಗ ನಾಲಗೆಗೆ ಸಲ್ಲುವಷ್ಟೇ ಬಿಸಿಯಾಗಿರುತ್ತದೆ. ಇದೇ ಊರಿನಲ್ಲಿ ಇನ್ನೊಂದು ಪದ್ಧತಿಯೂ ಇದೆ: ಅನ್ನ, ಸಾರು, ಮೊಟ್ಟೆ ಎಲ್ಲವನ್ನೂ ಮಣ್ಣಿನ ಗಡಿಗೆಯಲ್ಲಿ ಕೊತಕೊತನೆ ಕುದಿಸಿ, ಬುರುಗು ಉಕ್ಕುತ್ತಿರುವಂತೆಯೇ ತಂದಿಡುವುದು. ಅದರ ಅಬ್ಬರಕ್ಕೆ ಮನಸೋಲುವವರು ಬಹುಮಂದಿ. ಆದರೆ ಅಷ್ಟು ಬಿಸಿಯಲ್ಲಿ ನಾಲಗೆ ಉಪ್ಪನ್ನಾಗಲಿ ಸಿಹಿಯನ್ನಾಗಲಿ ಸರಿಯಾಗಿ ಗ್ರಹಿಸಲಾರದು; ಆರುವತನಕ ಕಾಯೋಣವೆಂದರೆ ಅಷ್ಟರಲ್ಲಿ ಅನ್ನ ಮೆತ್ತಗಾಗಿ ಮೊಳಕೆ ಸೊರಗಿರುತ್ತದೆ. ಮಾರುಕಟ್ಟೆಯ ಕ್ರಮವೇ ಶ್ರೇಷ್ಠವೆಂದು ನಾನು ಸಂದೇಹವಿಲ್ಲದೆ ಹೇಳುತ್ತೇನೆ.

ಮೊಳಕೆಯ ವಿಷಯವನ್ನೂ ಸ್ವಲ್ಪ ಹೇಳಬೇಕು. ಸೋಯಾ ಕಾಳನ್ನು ನೆನೆಸಿ, ತಳದಲ್ಲಿ ತೂತುಗಳಿರುವ ಪಾತ್ರೆಯಲ್ಲಿ ಹರಡಿ, ಬೆಳಕು ಸೋಕದಂತೆ ಬಟ್ಟೆ ಮುಚ್ಚಿ, ಹಗಲಿರುಳು ಮತ್ತೆ ಮತ್ತೆ ನೀರೆರೆದು ಬೆಳೆಸುವ ಈ ಮೊಳಕೆಗೆ ಹಳದಿಯ ತಲೆಯೂ ಬೆರಳುದ್ದದ ಬಿಳಿಯ ಬಾಲವೂ ಇರುತ್ತವೆ. ಬೇಯಿಸುವಾಗ ಮುಚ್ಚಳವನ್ನು ಮೊದಲಿನಿಂದ ಕೊನೆಯತನಕ ಮುಚ್ಚಿಯೇ ಇಡಬೇಕು, ಇಲ್ಲವೆ ಮೊದಲಿನಿಂದಲೂ ತೆರೆದೇ ಇಡಬೇಕು. ನಡುವೆ ತೆಗೆದರೆ ಹಸಿಕಾಳಿನ ವಾಸನೆ ಉಳಿಯುತ್ತದೆಂಬುದು ಕೊರಿಯದ ಮನೆಮನೆಯ ಅರಿವು. ಈ ಅಂಗಡಿಯ ಬಟ್ಟಲಿನಲ್ಲಿ ಆ ವಾಸನೆಯ ಲೇಶವೂ ಇರಲಿಲ್ಲ. ಹಲ್ಲಿಗೆ ಸಿಕ್ಕಿದ ಬಾಲ ಇನ್ನೂ ಗರಿಗರಿಯಾಗಿಯೇ ಇತ್ತು. ನಮ್ಮ ಹಳೆಯ ಮೈಸೂರು ಸೀಮೆಯ ಬಸ್ಸಾರಿನ ಕಟ್ಟನ್ನು ಬಲ್ಲವನಿಗೆ ಈ ಸಾರಿನ ತಿಳಿಯಾದ ಸವಿ ಅಪರಿಚಿತವೆನ್ನಿಸದು.

ಜೊತೆಗೆ ಸಣ್ಣ ಬಟ್ಟಲಿನಲ್ಲಿ ಅರೆಬೆಂದ ಮೊಟ್ಟೆ ಬರುತ್ತದೆ. ಅದಕ್ಕೆ ಒಂದೆರಡು ಚಮಚ ಬಿಸಿಸಾರನ್ನು ಸೇರಿಸಿ, ಹುರಿದ ಕಡಲಪಾಚಿಯ ತೆಳುಹಾಳೆಯನ್ನು ಹರಿದು ಹಾಕಿ, ಊಟಕ್ಕೆ ಮೊದಲೇ ಕುಡಿದು ಮುಗಿಸುವುದು ಇಲ್ಲಿಯ ರೂಢಿ. ಉಪ್ಪಿನಲ್ಲಿ ಊರಿಸಿದ ಪುಟ್ಟ ಸೀಗಡಿಯನ್ನು ಬೇರೆಯಾಗಿಟ್ಟು, ಎಷ್ಟು ಬೇಕೆಂಬ ನಿರ್ಣಯವನ್ನು ಉಣ್ಣುವವನಿಗೇ ಬಿಟ್ಟಿರುತ್ತಾರೆ. ಈ ಔದಾರ್ಯವು ಮೆಚ್ಚತಕ್ಕದ್ದಾದರೂ ಸಾರಿನಲ್ಲಿಯೇ ಉಪ್ಪು ಸಾಕಷ್ಟಿರುವುದರಿಂದ, ರುಚಿ ನೋಡದೆ ಸೀಗಡಿಯನ್ನು ಬೆರೆಸುವವನು ಬಟ್ಟಲನ್ನೇ ಕೆಡಿಸಿಕೊಳ್ಳುತ್ತಾನೆ.

ದೋಷಗಳಿಲ್ಲವೆಂದಲ್ಲ. ಒಣಮೆಣಸಿನ ಪುಡಿಯನ್ನು ಕೇಳದೆಯೇ ಧಾರಾಳವಾಗಿ ಉದುರಿಸುವ ಚಟ ಇಲ್ಲಿಯೂ ಕಾಲಿಟ್ಟಿದೆ. ಕೊರಿಯಕ್ಕೂ ನಮ್ಮ ನಾಡಿಗೂ ಹೊರಗಿನಿಂದಲೇ ಬಂದು ಸೇರಿದ ಈ ಮೆಣಸಿನಕಾಯಿ ಎರಡು ಕಡೆಯೂ ಮನೆಯ ಯಜಮಾನನಂತೆ ವರ್ತಿಸುತ್ತಿರುವುದು ಸೂಕ್ಷ್ಮರುಚಿಯ ಪಾಕಗಳಿಗೆ ಹಾನಿಕರ. ಸಾರಿನ ಬುಡಕ್ಕೆ ಒಣಮೀನು ಬಿದ್ದಿರುತ್ತದೆ, ಮೇಲೆ ಕರಾವಳಿಯವರು ಬೊಂಡಾಸ್ ಎನ್ನುವ ಕಡಲಜೀವಿಯ ಚೂರುಗಳಿರುತ್ತವೆ. ಆದ್ದರಿಂದ ಮೊಳಕೆಯ ಹೆಸರನ್ನು ನಂಬಿ ಬಂದ ಶಾಕಾಹಾರಿಗೆ ಇಲ್ಲಿ ಉಣ್ಣಲು ಏನೂ ದೊರೆಯದು, ಇದನ್ನು ಮೊದಲೇ ತಿಳಿಸುವ ಫಲಕವೂ ಇಲ್ಲ. ಹಿಂದೆ ನಿಂತ ಸರದಿಯ ಕಣ್ಣುಗಳು ಬೆನ್ನನ್ನು ತಿವಿಯುತ್ತಿರುವಾಗ, ನಿಧಾನವಾಗಿ ಉಣ್ಣಲೆಂದೇ ಹದಗೊಳಿಸಿದ ಬಟ್ಟಲನ್ನು ಅವಸರದಿಂದ ಬರಿದುಮಾಡಬೇಕಾಗುವುದು ಅಡುಗೆಯಾಕೆಯ ಶ್ರಮಕ್ಕೆ ಆಗುವ ಅನ್ಯಾಯವೆಂದೇ ನನ್ನ ಭಾವನೆ. ಪ್ರಸಿದ್ಧಿಯ ಹೊರೆಯನ್ನು ಇಳಿಸಲು ಇನ್ನೆರಡು ಹಲಗೆಗಳನ್ನು ಹಾಕಿಸುವುದಕ್ಕಿಂತ, ಕಾಯುವವರನ್ನು ಓಣಿಯಲ್ಲಿಯೇ ನಿಲ್ಲಿಸುವುದು ಉಚಿತವಾದ ಪರಿಹಾರ.

ಮೊಜು ಎಂಬ ಪಾನೀಯವನ್ನೂ ಕೇಳಿದವರಿಗೆ ಕೊಡುತ್ತಾರೆ. ಮಕ್ಕೊಲ್ಲಿ ಎಂಬ ಅಕ್ಕಿಯ ಮದ್ಯದಲ್ಲಿ ಶುಂಠಿ, ದಾಲ್ಚಿನ್ನಿ, ಎಲಚಿಹಣ್ಣುಗಳನ್ನು ಹಾಕಿ, ಮದ್ಯಾಂಶ ಬಹುಮಟ್ಟಿಗೆ ಆವಿಯಾಗುವಂತೆ ಕಾಯಿಸಿದ ಮಂದವಾದ ಕಂದು ಪಾನಕ ಅದು. ಸಾರಿನ ನಡುನಡುವೆ ಇದನ್ನು ಗುಟುಕರಿಸುವವರು ಅನೇಕರಿದ್ದರೂ ಹಾಗೆ ಮಾಡುವುದು ಸಲ್ಲದು. ದಾಲ್ಚಿನ್ನಿಯ ಘಾಟಿನ ಮುಂದೆ ಮೊಳಕೆಯ ಸೌಮ್ಯವಾದ ಸವಿ ನಿಲ್ಲಲಾರದು. ಬಟ್ಟಲು ಬರಿದಾದ ಮೇಲೆ ಕುಡಿದರೆ ಮಾತ್ರ, ಬಾಯಲ್ಲುಳಿದ ಸೀಗಡಿಯ ಉಪ್ಪನ್ನೂ ಬೆಳ್ಳುಳ್ಳಿಯ ಕಟುತ್ವವನ್ನೂ ಅದು ಚೆನ್ನಾಗಿ ತೊಳೆಯುತ್ತದೆ.