ಪಟ್ಟಿಯ ಮೇಲಿನ ತಂತಿ

ಸಾಗರದ ಕಡೆಯ ನಮ್ಮ ಅಜ್ಜನ ಮನೆಗೆ 'ಹೊಸ ವೈರಿಂಗ್ ಆಗಿದೆ' ಎಂದರು. ಹೋಗಿ ನೋಡಿದರೆ ನಡುಮನೆಯಲ್ಲಿ ಹೊಳೆಯುವ ಬಿಳಿ ಸ್ವಿಚ್ಚುಗಳು, ಕೋಣೆಗೊಂದು ಎಲ್‌ಇಡಿ. ರಾತ್ರಿ ದೀಪ ಆರಿಸಿ ಮಲಗಿದರೂ ಬಲ್ಬು ಮಿಂಚುಹುಳದಷ್ಟು ಮಂಕಾಗಿ ಉರಿಯುತ್ತಲೇ ಇತ್ತು. "ಬಲ್ಬೇ ಸರಿ ಇಲ್ಲ ಮಾರಾಯ" ಎಂದು ದೊಡ್ಡಪ್ಪ ಅದಾಗಲೇ ಎರಡು ಬದಲಾಯಿಸಿದ್ದರು. ಬೆಳಿಗ್ಗೆ ಬಲ್ಬು ತೆಗೆದು, ಸ್ವಿಚ್ ಆಫ್ ಇರುವಾಗಲೇ ಹೋಲ್ಡರಿಗೆ ಟೆಸ್ಟರ್ ಇಟ್ಟೆ. ಟೆಸ್ಟರ್ ಹತ್ತಿತು. ಸ್ವಿಚ್ಚು ಕೂತಿದ್ದದ್ದು ಫೇಸಿನ ಮೇಲಲ್ಲ, ನ್ಯೂಟ್ರಲ್ ಮೇಲೆ. ಹಳೆಯ 40 ವ್ಯಾಟಿನ ಬಲ್ಬು ಬೆಳಗಲು ಆ ಸೋರಿಕೆ ಸಾಲದು, ಎಲ್‌ಇಡಿಗೆ ಎಳ್ಳಷ್ಟಿದ್ದರೂ ಸಾಕು. ಮನೆಯವರು ಇಷ್ಟು ವರ್ಷ ಸ್ವಿಚ್ ಆರಿಸಿದ್ದೇವೆಂದು ನಂಬಿ ಬಲ್ಬು ಬಿಚ್ಚುತ್ತಿದ್ದದ್ದು ಜೀವಂತ ಹೋಲ್ಡರಿನಿಂದ.

ಹಳೆಯ ಮನೆಗಳ ವೈರಿಂಗ್ ದುರಸ್ತಿಯ ಬಗ್ಗೆ ನನ್ನ ತಕರಾರು ಇದೇ. ಕಣ್ಣಿಗೆ ಕಾಣುವ ಸ್ವಿಚ್ಚು ಬದಲಾಗುತ್ತದೆ, ತಂತಿ ಹಾಗೇ ಉಳಿಯುತ್ತದೆ.

ಆ ತಂತಿ ಹಾಕಿದವರ ಕೆಲಸ ಮಾತ್ರ ನೋಡುವಂಥದ್ದು. ಜೋಗದ ವಿದ್ಯುದಾಗಾರ 1948ರಲ್ಲೇ ಶುರುವಾದರೂ ಅದರ ಆಸುಪಾಸಿನ ಎಷ್ಟೋ ಹಳ್ಳಿಗಳಿಗೆ ಕರೆಂಟು ಬಂದದ್ದು ಬಹಳ ತಡವಾಗಿ. ಬಂದಾಗ ಅದಕ್ಕೆ ಜಾಗ ಮಾಡಿಕೊಟ್ಟದ್ದು ಮರದ ಕೆಲಸ. ತೊಲೆಯ ಅಂಚು ಹಿಡಿದು ಸಾಗುವ ಪಟ್ಟಿ, ಗೇಣಿಗೊಂದರಂತೆ ತಗಡಿನ ಕ್ಲಿಪ್ಪು, ಮೂಲೆಗೆ ರೌಂಡ್ ಬ್ಲಾಕು, ಮೇನ್ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸು. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮನೆಯ ಮಕ್ಕಳಿಗೂ ಗೊತ್ತಿರುತ್ತಿತ್ತು. ಆದರೆ ಅಟ್ಟದಲ್ಲಿ ನಾನೊಂದು ಕ್ಲಿಪ್ಪು ಬಿಡಿಸಿದಾಗ ತಂತಿಯ ಮೇಲಿನ ರಬ್ಬರು ಹಪ್ಪಳದ ಹಾಗೆ ಮುರಿದು ಪುಡಿಪುಡಿಯಾಗಿ ಬೆರಳಿಗಂಟಿತು. ಒಳಗಿನ ತಾಮ್ರ ಬರಿಮೈ. ಒಂದು ಗೇಣು ಆಚೆ ಅಡಿಕೆ ಚೀಲ. ಅಷ್ಟು ಸಾಲದೆಂಬಂತೆ, ಪದೇ ಪದೇ ಸುಡುತ್ತದೆಂದು ಫ್ಯೂಸಿಗೆ ಯಾರೋ ದಪ್ಪ ತಾಮ್ರದ ಎಳೆ ಕಟ್ಟಿದ್ದರು. ಆಮೇಲೆ ಸುಡಲು ಉಳಿದದ್ದು ಮನೆಯೊಂದೇ.

"ಗೋಡೆ ಕೊರೆದು ಪೈಪ್ ಹೂತುಬಿಡೋಣ, ನೀಟಾಗಿ ಕಾಣುತ್ತದೆ" ಎಂಬ ಸಲಹೆ ಬಂತು. ಇಟ್ಟಿಗೆ ಸಿಮೆಂಟಿನ ಮನೆಗೆ ಅದು ಸರಿ. ಮಣ್ಣಿನ ಗೋಡೆಗೆ ಅಲ್ಲ. ಉಳಿಯ ಏಟಿಗೆ ಅದು ಹೆಂಟೆ ಹೆಂಟೆಯಾಗಿ ಉದುರುತ್ತದೆ, ಆಷಾಢದಲ್ಲಿ ಜಿನುಗುತ್ತದೆ, ಪೈಪಿನೊಳಗೆ ನೀರೂ ಇರುವೆಯೂ ಸೇರಿಕೊಂಡರೆ ತಪ್ಪು ಹುಡುಕಲು ಗೋಡೆಯನ್ನೇ ಒಡೆಯಬೇಕು.

ನಿಜವಾಗಿ ಬೇಕಿದ್ದದ್ದು ಮೂರನೆಯ ತಂತಿ. ಆ ಕಾಲದ ವೈರಿಂಗಿನಲ್ಲಿ ಎಷ್ಟೋ ಕಡೆ ಅರ್ಥಿಂಗೇ ಇಲ್ಲ, ಎರಡು ಪಿನ್ನಿನ ಸಾಕೆಟ್ಟೇ ಅದಕ್ಕೆ ಸಾಕ್ಷಿ. ಎಂಸಿಬಿ ಹಾಕಿದ್ದೇವಲ್ಲ ಎನ್ನುತ್ತಾರೆ. 16 ಆಂಪಿಯರಿನ ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಜೀವ ತೆಗೆಯಲು ಅದರ ನೂರರಲ್ಲೊಂದು ಪಾಲೂ ಬೇಡ. ಹೋದ ಕರೆಂಟಿಗೂ ನ್ಯೂಟ್ರಲ್ಲಿನಲ್ಲಿ ಮರಳಿದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಆರ್‌ಸಿಸಿಬಿ ಕಡಿದುಹಾಕುತ್ತದೆ. ಅರ್ಥ್ ತಂತಿ ಇದ್ದರೆ ಬಚ್ಚಲ ಗೀಸರಿನ ಮೈಗೆ ಕರೆಂಟು ಸೋರಿದೊಡನೆ ಬೀಳುತ್ತದೆ. ಇಲ್ಲದಿದ್ದರೆ ಒದ್ದೆ ಕೈಯೊಂದು ಮುಟ್ಟುವವರೆಗೆ ಕಾಯುತ್ತದೆ.

ಬೆಳಕಿನ ವಿಷಯಕ್ಕೂ ಒಂದು ಮಾತು. 6500 ಕೆಲ್ವಿನ್ನಿನ ಬಿಳಿ ದೀಪದಡಿ ನಮ್ಮ ಜಗಲಿಯ ಹಲಸಿನ ಕಂಬಗಳು ಬೂದು ಬಳಿದಂತೆ ಕಂಡವು. 2700ರ ಹಳದಿ ಬಲ್ಬು ಹಾಕಿದ ಸಂಜೆ ಮರದ ಜೇನುಬಣ್ಣ ಮರಳಿತು.

ಕೊನೆಗೆ ಹಳೆಯ ಪಟ್ಟಿಗಳನ್ನೇ ಉಳಿಸಿಕೊಂಡು ಅವುಗಳ ಮೇಲೆ ಹೊಸ ತಂತಿ ಎಳೆಸಿದೆವು, ಜೊತೆಗೆ ಹಸಿರು ತಂತಿಯೊಂದು ಸಾಗಿ ಬಚ್ಚಲ ಹಿಂದಿನ ಅರ್ಥಿಂಗ್ ಗುಂಡಿಗೆ ಇಳಿಯಿತು. ಮೊದಲ ಜೋರು ಮಳೆಗೇ ಆರ್‌ಸಿಸಿಬಿ ಬಿತ್ತು. ದೊಡ್ಡಪ್ಪ ಗೊಣಗುತ್ತಲೇ ಬ್ಯಾಟರಿ ಹಿಡಿದು ಬಂದರು. ಪಟ್ಟಿಯ ಜಾಡು ಹಿಡಿದು ಅಟ್ಟ ಹತ್ತಿದೆವು. ಹತ್ತು ನಿಮಿಷವೂ ಆಗಿರಲಿಲ್ಲ, ಒಡೆದ ಹೆಂಚಿನಿಂದ ಜಂಕ್ಷನ್ ಬಾಕ್ಸಿನ ಮೇಲೆ ಹನಿ ಬೀಳುವುದು ಕಂಡಿತು.