ದೇವರು ಅಂದ ಮ್ಯಾಲೆ ‘ಆತನು’ ಯಾಕೆ?

ನಮ್ಮ ಕಡೆಯ ಹುಡುಗಿಯೊಬ್ಬಳು ನುಡಿಯಲ್ಲಿ ಟೈಪ್ ಮಾಡಿದ ಪ್ರಬಂಧ ಕಳಿಸಿ, ‘ಅಣ್ಣಾ, ಇದನ್ನ ಯೂನಿಕೋಡಿಗೆ ಮಾಡಿಕೊಡ್ರಿ’ ಅಂದಳು. ದಢೇಸುಗೂರಿನಂಥ ಊರಾಗ ಒಬ್ಬ ಬಿಇ ಮುಗಿಸಿದ ಅಂದ್ರ ಸುತ್ತಲಿನ ಪ್ರಿಂಟರು, ಮೊಬೈಲು, ಫಾಂಟು ಎಲ್ಲಾ ಅವನ ಪಾಲಿಗೇ ಬರ್ತಾವ, ಇರಲಿ. ಆಕೆ ಸೆಮಿನರಿಯಲ್ಲಿ ಬಿ.ಡಿ. ಓದುತ್ತಾಳೆ. ಸಭಾಪಾಲಕರಾಗುವವರು ಓದುವ ಡಿಗ್ರಿ ಅದು. ಪ್ರಬಂಧದ ವಿಷಯ ಕ್ರೈಸ್ತ ದೈವಶಾಸ್ತ್ರದಲ್ಲಿ, ಸೇವೆಯಲ್ಲಿ ಹೆಣ್ಣುಮಕ್ಕಳ ಪಾತ್ರ. ಕನ್ವರ್ಟರು ಒತ್ತಕ್ಷರ ಕೆಡಿಸುತ್ತದೆ, ಹಂಗಾಗಿ ಒಂದೊಂದು ಸಾಲನ್ನೂ ಓದಿದೆ. ನಾನು ಕ್ರೈಸ್ತನಲ್ಲ, ಕನ್ನಡದವನು. ನನ್ನ ತಕರಾರು ಇರುವುದು ಕನ್ನಡದ ಬಗ್ಗೆ.

ಪ್ರಬಂಧದ ಇತಿಹಾಸದ ಭಾಗ ಗಟ್ಟಿಯಾಗಿತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ, ಹುಟ್ಟಿತು. 1976ರಲ್ಲಿ ಎಲಿಜಬೆತ್ ಪಾಲ್ ಅದರ ಮೊದಲ ಮಹಿಳಾ ಗುರುವಾಗಿ ದೀಕ್ಷೆ ಪಡೆದರು. 2013ರ ಸೆಪ್ಟೆಂಬರಿನಲ್ಲಿ ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು. ಸಿಎಸ್ಐನಲ್ಲಿ ಆ ಕುರ್ಚಿಗೆ ಬಂದ ಮೊದಲ ಹೆಣ್ಣುಮಗಳು ಅವರು. ನಂದ್ಯಾಲ ನಮಗೇನು ಪರದೇಶವಲ್ಲ, ಕರ್ನೂಲು ದಾಟಿದರೆ ಬಂತು. ಗುರುದೀಕ್ಷೆಯಿಂದ ಬಿಷಪ್ ಪಟ್ಟಕ್ಕೆ ಹೋಗಲು 37 ವರ್ಷ ಹಿಡಿಯಿತು. ಇತ್ತ ಈ ಹುಡುಗಿಗೆ ರಜೆಯಲ್ಲಿ ಊರ ಸಭೆಯವರು ಕೊಟ್ಟ ಕೆಲಸ ಎರಡೇ: ಸಂಡೇ ಸ್ಕೂಲು, ಹೆಂಗಸರ ಕೂಟ. ಅವಳ ಜೊತೆ ಅದೇ ಬೆಂಚಿನಲ್ಲಿ ಕೂತು ಓದುವ ಹುಡುಗನಿಗೆ ಮೊದಲ ರಜೆಯಲ್ಲೇ ಪ್ರಸಂಗಪೀಠ ಸಿಕ್ಕಿತು.

ಮುಂದೆ ಬರುವುದು ಈ ವಾದದಲ್ಲಿ ಯಾವಾಗಲೂ ಬರುವ ವಚನಗಳು. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಹೆಣ್ಣು ಗಂಡಸಿಗೆ ಉಪದೇಶ ಮಾಡಬಾರದು ಅಂತಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 14ನೇ ಅಧ್ಯಾಯ ಸಭೆಯಲ್ಲಿ ಸುಮ್ಮನಿರಲಿ ಅನ್ನುತ್ತದೆ. ಅದೇ ಪತ್ರಿಕೆಯ 11ನೇ ಅಧ್ಯಾಯದಲ್ಲಿ ಹೆಂಗಸರು ಪ್ರಾರ್ಥನೆ ಮಾಡುತ್ತಾರೆ, ಪ್ರವಾದಿಸುತ್ತಾರೆ. ತಲೆ ಮೇಲೆ ಸೆರಗು ಇರಬೇಕೋ ಬೇಡವೋ ಅನ್ನುವುದಷ್ಟೇ ಅಲ್ಲಿ ಪ್ರಶ್ನೆ. ಪ್ರಿಸ್ಕಿಲ್ಲ ತನ್ನ ಗಂಡನ ಜೊತೆ ಕೂತು ಅಪೊಲ್ಲೋಸನಂಥ ಪಂಡಿತನಿಗೇ ಪಾಠ ಹೇಳಿದವಳು. ಇವೆಲ್ಲವನ್ನೂ ಹುಡುಗಿ ಚೆಂದಾಗಿ ಜೋಡಿಸಿದ್ದಳು. ಆದರೆ ಆಧಾರವೆಲ್ಲ ಇಂಗ್ಲಿಷ್ ಪುಸ್ತಕಗಳು. ಅವಳ ಸಭೆಯ ಜನ ಭಾನುವಾರ ಎದೆಗವಚಿಕೊಂಡು ಬರುವ ಕನ್ನಡ ಸತ್ಯವೇದವನ್ನು ಆಕೆ ಒಮ್ಮೆಯೂ ವಾದಕ್ಕೆ ಎಳೆದಿರಲಿಲ್ಲ. ಇಡೀ ಪ್ರಬಂಧದ ಕೊರತೆ ಅದೇ. ಅದು ಅವಳೊಬ್ಬಳ ಕೊರತೆಯಂತೂ ಅಲ್ಲ.

ಯೂನ್ಯ ಅನ್ನುವ ಹೆಸರನ್ನು ನೋಡ್ರಿ. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಪೌಲ ಈ ವ್ಯಕ್ತಿಗೆ ವಂದನೆ ಹೇಳುತ್ತಾನೆ, ಅಪೊಸ್ತಲರ ನಡುವೆ ಹೆಸರಾದವರೆಂದು ಹೊಗಳುತ್ತಾನೆ. ಗ್ರೀಕಿನಲ್ಲಿ ಆ ಹೆಸರು ದ್ವಿತೀಯಾ ವಿಭಕ್ತಿಯಲ್ಲಿದೆ. ಆ ರೂಪದಲ್ಲಿ ಗಂಡೋ ಹೆಣ್ಣೋ ಎಂದು ತೋರಿಸುವುದು ಅಕ್ಷರದ ಮೇಲಿನ ಸ್ವರಚಿಹ್ನೆ ಮಾತ್ರ. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಆ ಚಿಹ್ನೆಯೇ ಇಲ್ಲ. ಯೂನಿಯ ಅನ್ನುವುದು ರೋಮನ್ನರಲ್ಲಿ ಹೆಣ್ಣುಮಕ್ಕಳಿಗೆ ಇಡುತ್ತಿದ್ದ ಮಾಮೂಲಿ ಹೆಸರು. ನಾಲ್ಕನೇ ಶತಮಾನದ ಕ್ರಿಸೊಸ್ತಮನು ಈಕೆಯನ್ನು ಹೆಂಗಸೆಂದೇ ತಿಳಿದು ಹೊಗಳಿದ್ದಾನೆ. ಆದರೂ ಪಂಡಿತರೆಲ್ಲ ಬಳಸುವ ನೆಸ್ಲೆ ಗ್ರೀಕ್ ಪಾಠದಲ್ಲಿ 1927ರಲ್ಲಿ ಈಕೆ ಗಂಡಸಾದಳು. 1998ರಲ್ಲಿ ಮತ್ತೆ ಹೆಂಗಸಾದಳು. ಎಲ್ಡನ್ ಎಪ್ ಎಂಬ ವಿದ್ವಾಂಸ 2005ರಲ್ಲಿ ಈ ಒಂದು ಹೆಸರಿನ ಮೇಲೇ ಪುಸ್ತಕ ಬರೆದ.

ಇಂಗ್ಲಿಷಿನವರು ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿಯೋ ಬಿಟ್ಟೋ ಪಾರಾಗುತ್ತಾರೆ. ಕನ್ನಡದಲ್ಲಿ ‘ಯೂನ್ಯನಿಗೆ’ ಅನ್ನಬೇಕು, ಇಲ್ಲಾ ‘ಯೂನ್ಯಳಿಗೆ’ ಅನ್ನಬೇಕು. ಪ್ರತ್ಯಯ ಹಚ್ಚುವಾಗಲೇ ತೀರ್ಪು ಆಗಿಹೋಗಿರುತ್ತದೆ. ಮುಂದೆ ಕ್ರಿಯಾಪದವೂ ಅದೇ ತೀರ್ಪಿಗೆ ತಲೆಯಾಡಿಸುತ್ತದೆ. ಓದುವವರಿಗೆ ಅಲ್ಲೊಂದು ಪ್ರಶ್ನೆ ಇತ್ತು ಅನ್ನುವ ಸುಳಿವೂ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡದು ‘ದೇವರು’ ಅನ್ನುವ ಶಬ್ದ. ಎಂಥಾ ಶಬ್ದ ನೋಡ್ರಿ ಅದು! ಗಂಡೂ ಅಲ್ಲ, ಹೆಣ್ಣೂ ಅಲ್ಲ, ಗೌರವದ ಬಹುವಚನ. ದಢೇಸುಗೂರಿನ ಸೇತುವೆ ದಾಟಿದರೆ ಸಿರುಗುಪ್ಪ, ಅಲ್ಲಿಂದ ಮುಂದೆ ಬಳ್ಳಾರಿ. ಅಲ್ಲೇ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಕೂತು ಬೈಬಲ್ಲನ್ನು ಕನ್ನಡಕ್ಕೆ ತಂದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಆಮೇಲೆ ಅದು ಎಷ್ಟೋ ಸಲ ಪರಿಷ್ಕಾರವಾಯಿತು. ಇವತ್ತು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಓದುವ ಸತ್ಯವೇದದಲ್ಲಿ ‘ದೇವರು’ ಅಂತ ಶುರುವಾದ ಮಾತು ಮುಂದಿನ ವಾಕ್ಯಕ್ಕೆ ಬರುವಷ್ಟರಲ್ಲಿ ‘ಆತನು’ ಆಗಿರುತ್ತದೆ. ‘ಅವರು’ ಅಂದಿದ್ದರೆ ವ್ಯಾಕರಣವೂ ಕೆಡುತ್ತಿರಲಿಲ್ಲ, ಗೌರವವೂ ಕಡಿಮೆಯಾಗುತ್ತಿರಲಿಲ್ಲ. ಹಾಗೇ ‘ಪವಿತ್ರಾತ್ಮನು’. ಹೀಬ್ರೂವಿನಲ್ಲಿ ಆತ್ಮಕ್ಕಿರುವ ಶಬ್ದ ಸ್ತ್ರೀಲಿಂಗ, ಗ್ರೀಕಿನಲ್ಲಿ ನಪುಂಸಕ, ಕನ್ನಡದಲ್ಲೂ ‘ಆತ್ಮ ಅಲೀತೈತಿ’ ಅಂತಲೇ ನಾವು ಅನ್ನುವುದು. ಮೂರೂ ಬಿಟ್ಟು ಸತ್ಯವೇದದಲ್ಲಿ ಅದು ಪುಲ್ಲಿಂಗ. ಅನುವಾದಕರಿಗೂ ಒಂದು ಕಾರಣವಿತ್ತು ಅನ್ನಿ. ‘ಅದು’ ಅಂದುಬಿಟ್ಟರೆ ಪವಿತ್ರಾತ್ಮ ಒಂದು ವಸ್ತುವಾಗುತ್ತದೆ, ವ್ಯಕ್ತಿಯಾಗಿ ಉಳಿಯುವುದಿಲ್ಲ. ಆದರೆ ಕ್ಯಾಥೊಲಿಕರು ‘ಪವಿತ್ರಾತ್ಮರು’ ಅನ್ನುತ್ತಾರಲ್ಲ! ದಾರಿ ಇತ್ತು.

ಆಡುಮಾತು ಶುದ್ಧ, ಪುಸ್ತಕದ ಮಾತು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ‘ದ್ಯಾವ್ರು ಅದಾನ’ ಅಂತೀವಿ, ಪಲ್ಲಕ್ಕಿ ಬಂದರೆ ‘ದ್ಯಾವ್ರು ಬಂತು’ ಅಂತೀವಿ. ಇನ್ನು ಸಿಂಧನೂರು ತಾಲೂಕಿನ ಅಂಬಾಮಠಕ್ಕೆ ಹೋದವರಿಗೆ ದೇವರು ಹೆಣ್ಣು ಅಂತ ಯಾರೂ ಕಲಿಸಬೇಕಿಲ್ಲ. ಹಂಗಂತ ನಮ್ಮ ಹೆಣ್ಣುಮಕ್ಕಳೇನು ಗರ್ಭಗುಡಿಯಾಗ ಅದಾರಾ? ಬಹಳಷ್ಟು ಅಮ್ಮನ ಗುಡಿಯಾಗೂ ಪೂಜಾರಿ ಗಂಡಸೇ. ‘ಆಕೆ’ ಅಂದ ಮಾತ್ರಕ್ಕೆ ಆಕೆಯ ಕೈಗೆ ಮಂಗಳಾರತಿ ತಟ್ಟೆ ಬರುವುದಿಲ್ಲ. ಆದರೆ ಕ್ರೈಸ್ತ ಸಭೆ ಪುಸ್ತಕದ ಮೇಲೆ ನಿಂತದ್ದು. ‘ಬರೆದದೆ’ ಅಂತಲೇ ಅಲ್ಲಿ ಹೆಣ್ಣುಮಕ್ಕಳನ್ನು ಸುಮ್ಮನಿರಿಸುವುದು. ಹಂಗಾಗಿ ಏನು ಬರೆದದೆ, ಯಾವ ಪ್ರತ್ಯಯದಲ್ಲಿ ಬರೆದದೆ ಅನ್ನುವುದು ಅಲ್ಲಿ ಕೆಲಸದ ಪ್ರಶ್ನೆ, ಸಂಬಳದ ಪ್ರಶ್ನೆ ಕೂಡ.

ಸೆರಾಂಪುರ ಸೆನೆಟ್ಟಿಗೆ ಸೇರಿದ ಕಾಲೇಜುಗಳಲ್ಲಿ ಈಗ ಸ್ತ್ರೀ ಅಧ್ಯಯನ ಅಂತ ಬೇರೆ ವಿಷಯವಿದೆ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅದಕ್ಕೆ ವಿಭಾಗವೇ ಇದೆ. ಅದನ್ನು ಗಳಿಸಲು ಬಡಿದಾಡಿದವರ ಶ್ರಮವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ನಮ್ಮ ಆಫೀಸಿನಲ್ಲೂ ಹಿಂಗೇ ಆಗುತ್ತದೆ: ದೋಷ ಮೂಲ ಕೋಡಿನಲ್ಲಿರುತ್ತದೆ, ನಾವು ಪಕ್ಕದಲ್ಲಿ ಹೊಸ ಮಾಡ್ಯೂಲು ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಯೂನ್ಯಳ ಪ್ರಶ್ನೆ ಏಳಬೇಕಾದದ್ದು ಗ್ರೀಕ್ ತರಗತಿಯಲ್ಲಿ, ‘ಆತನು’ ಪ್ರಶ್ನೆ ಏಳಬೇಕಾದದ್ದು ಕನ್ನಡದಲ್ಲಿ ಪ್ರಸಂಗ ಕಲಿಸುವ ತರಗತಿಯಲ್ಲಿ, ಗಂಡುಹುಡುಗರೂ ಕೂತಿರುವಾಗ.

ಈ ಕೆಲಸವನ್ನು ಒಬ್ಬಾಕೆ ನೂರು ವರ್ಷದ ಹಿಂದೆಯೇ ಮಾಡಿದ್ದಾಳೆ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಅಲ್ಲಿಂದ ಹರಿದ ನೀರೇ ನಮ್ಮೂರ ಮುಂದೆ ಹೋಗುವುದು. ಅಪ್ಪ ಅನಂತಶಾಸ್ತ್ರಿ ಹೆಂಡತಿಗೆ ಸಂಸ್ಕೃತ ಕಲಿಸಿದ ಮನುಷ್ಯ, ಅಮ್ಮ ಮಗಳಿಗೆ ಕಲಿಸಿದಳು. 1883ರಲ್ಲಿ ಇಂಗ್ಲೆಂಡಿನಲ್ಲಿ ರಮಾಬಾಯಿ ಕ್ರೈಸ್ತರಾದರು. ಚೆಲ್ಟನ್‌ಹ್ಯಾಮಿನಲ್ಲಿ ಅವರು ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಇಂಗ್ಲಿಷ್ ಬಿಷಪ್ಪರು ಬೇಡ ಅಂದರು. ರಮಾಬಾಯಿ ಸುಮ್ಮನಾಗಲಿಲ್ಲ. 1977ರಲ್ಲಿ ಅಚ್ಚಾದ ಅವರ ಪತ್ರಗಳ ಸಂಪುಟದಲ್ಲಿ ಆ ಜಗಳ ಪೂರಾ ಇದೆ. ಅದನ್ನು ಓದಿದರೆ ಪುಷ್ಪಲಲಿತಾ ಅವರವರೆಗಿನ ದಾರಿ ಎಷ್ಟು ಉದ್ದದ್ದು ಅನ್ನುವುದು ತಿಳಿಯುತ್ತದೆ.

ಆಮೇಲೆ ಅವರು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಮರಾಠಿಗೆ ತಂದರು. ಸಂಸ್ಕೃತದ ಭಾರವಿಲ್ಲದ, ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿ ಬೇಕು ಅನ್ನುವುದು ಅವರ ಹಟ. ಮೂಲಕ್ಕೆ ಅಂಟಿಕೊಳ್ಳುವ ಇನ್ನೊಂದು ಹಟವೂ ಇತ್ತು, ಅದರಿಂದ ಎಷ್ಟೋ ಕಡೆ ವಾಕ್ಯ ಬಿಗಿಯಾಯಿತು ಅನ್ನುತ್ತಾರೆ. ಸಭೆಗಳಲ್ಲಿ ಆ ಅನುವಾದ ಹೆಚ್ಚು ಬಳಕೆಗೂ ಬರಲಿಲ್ಲ. ಕೇಡಗಾಂವದ ಮುಕ್ತಿ ಮಿಶನ್ನಿನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರೂ ಅಚ್ಚು ಹಾಕಿದವರೂ ಅಲ್ಲಿಯ ಹೆಣ್ಣುಮಕ್ಕಳೇ. 1922ರಲ್ಲಿ ಕಡೆಯ ಪ್ರೂಫು ತಿದ್ದಿ ಮುಗಿಸಿದ ಸ್ವಲ್ಪ ದಿನಕ್ಕೆ ರಮಾಬಾಯಿ ತೀರಿಕೊಂಡರು. ಪುಸ್ತಕ ಹೊರಬಂದದ್ದು 1924ರಲ್ಲಿ.